ಕೊರ್ಲಹಳ್ಳಿ ಗೋಡೆಯ ಪಾತರಗಿತ್ತಿಗಳು

ರಹಮಾನಸಾಬ ಮುಂಡರಗಿಯಲ್ಲಿ ಬಸ್ಸು ಬದಲಿಸಿ ಕೊರ್ಲಹಳ್ಳಿಯಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಚುರುಕಾಗಿತ್ತು. ಹೆಗಲಿಗೆ ಬ್ರಶ್ಶುಗಳ ಚೀಲ, ಕೈಯಲ್ಲಿ ಬಣ್ಣದ ಡಬ್ಬಿಗಳ ಬಕೆಟ್ಟು. ಬಸ್ಸಿನ ಮೆಟ್ಟಿಲು ಇಳಿಯುವಾಗ ನೆಲ ಎಲ್ಲಿದೆ ಎಂದು ಕಾಲಿನಿಂದ ಒಮ್ಮೆ ತಡವಿ ನೋಡಿದ. ಇತ್ತೀಚೆಗೆ ಅದು ರೂಢಿಯಾಗಿಬಿಟ್ಟಿತ್ತು.

ಅರವತ್ತು ದಾಟಿದ ರಹಮಾನಸಾಬ ಬೆಟಗೇರಿಯವನು, ಬೋರ್ಡು ಬರೆಯುವ ಪೇಂಟರ್. ಒಂದು ಕಾಲಕ್ಕೆ ಗದಗಿನ ಪೇಟೆಯಲ್ಲಿ ಖಾನಾವಳಿ, ಹತ್ತಿ ಅಂಗಡಿ, ಛಾಪಖಾನೆ ಯಾವುದರ ಮುಂದೆ ನಿಂತರೂ ತಲೆಯ ಮೇಲಿನ ಅಕ್ಷರ ಅವನದೇ ಆಗಿರುತ್ತಿತ್ತು. ಫ್ಲೆಕ್ಸ್ ಬಂದ ಮೇಲೆ ಆ ಬೋರ್ಡುಗಳು ಒಂದೊಂದಾಗಿ ಕೆಳಗಿಳಿದವು. ಈಗ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಮಾಲೀಕನ ಮಕ್ಕಳ ಹೆಸರು ಬರೆಯುವುದು, ಹೊಸ ಮನೆಯ ಗೇಟಿಗೆ ಬಣ್ಣ ಹೊಡೆಯುವುದು, ಇಷ್ಟೇ ಉಳಿದಿತ್ತು. ಅಂಥದರಲ್ಲಿ ಕೊರ್ಲಹಳ್ಳಿ ಹೈಸ್ಕೂಲಿನ ವಿಜ್ಞಾನದ ಟೀಚರು ಫೋನು ಮಾಡಿ, ಶಾಲೆಯ ಕಂಪೌಂಡ್ ಗೋಡೆಯ ಮೇಲೆ ಪಾತರಗಿತ್ತಿಗಳನ್ನು ಬರೆದುಕೊಡಬೇಕು, ಫ್ಲೆಕ್ಸು ಈ ಬಿಸಿಲಿಗೆ ತಡೆಯುವುದಿಲ್ಲ ಎಂದಾಗ, ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದ.

ಟೀಚರ ಹೆಸರು ನೀಲಗಂಗವ್ವ. ಊರಿನವರೆಲ್ಲ ಅಕ್ಕೋರು ಅಂತಲೇ ಕರೆಯುತ್ತಿದ್ದರು. ಐವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ದಿನಾಲೂ ಮುಂಡರಗಿಯಿಂದ ಬಂದುಹೋಗುತ್ತಿದ್ದಳು. ಮನೆಮನೆ ತಿರುಗುವ ಸಮೀಕ್ಷೆಯ ಕೆಲಸ ಆಗಷ್ಟೇ ಮುಗಿದಿತ್ತು; ಅದರ ಬೆನ್ನಿಗೇ ಗದಗಿನಲ್ಲಿ ತರಬೇತಿ ಎಂದು ಆದೇಶ ಬಂದಿತ್ತು. ಮಾತಾಡುವಾಗ ನಡುನಡುವೆ ಕಣ್ಣು ಮುಚ್ಚಿ ಹಣೆ ಒತ್ತಿಕೊಳ್ಳುತ್ತಿದ್ದಳು.

ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಆಕೆ ಫೋಟೋಗಳನ್ನು ಹರವಿದಳು. ಹೊಳೆಯ ದಂಡೆಯಲ್ಲಿ, ಹೊಲದ ಬದುವಿನಲ್ಲಿ ಆಕೆಯೇ ವರ್ಷಾನುಗಟ್ಟಲೆ ತೆಗೆದ ಫೋಟೋಗಳು.

"ರಹಮಾನಸಾಬ್ರ, ಸುಮ್ನ ಚಂದ ಕಾಣ್ಲಿ ಅಂತ ಬರಸಾಕತ್ತಿಲ್ಲ. ಇವು ಜೋಡಿ ಜೋಡಿ ಅದಾವ. ನೋಡಾಕ ಒಂದ ಅನಸ್ತಾವ, ಖರೆ ಬ್ಯಾರೆ ಬ್ಯಾರೆ. ಹುಡುಗ್ರು ಫರಕ್ ಹಿಡೀಬೇಕು."

"ಹೇಳ್ರಿ ಅಕ್ಕೋರ."

"ಇದು ಪ್ಲೇನ್ ಟೈಗರ್. ಎಕ್ಕಿ ಗಿಡದ ಎಲಿ ತಿಂದು ಬೆಳೀತೈತಿ, ಮೈಯಾಗೆಲ್ಲ ವಿಷ. ಹಕ್ಕಿ ಒಮ್ಮೆ ತಿಂದು ಕಾರಿಕೊಂಡ್ರ ಮತ್ತ ಇದರ ಸನೇಕ ಹೋಗೂದಿಲ್ಲ. ಇದು ಡನಾಯ್ಡ್ ಎಗ್‌ಫ್ಲೈ, ಹೆಣ್ಣು. ಗೋಳಿ ಸೊಪ್ಪು ತಿಂದು ಬೆಳೆಯೂದು. ವಿಷ ಗಿಷ ಏನೂ ಇಲ್ಲ. ಅದರಂಗ ಬಣ್ಣ ಹೊತ್ಕೊಂಡು ಜೀವ ಉಳಿಸ್ಕೋತೈತಿ."

"ಫರಕ್ ಎಲ್ಲೈತ್ರಿ?"

"ಹಿಂದಿನ ರೆಕ್ಕಿ ನೋಡ್ರಿ. ಟೈಗರಿಗೆ ನಡುವ ಮೂರ್ನಾಕು ಕರಿ ಚುಕ್ಕಿ. ಎಗ್‌ಫ್ಲೈಗೆ ಒಂದ ಚುಕ್ಕಿ. ಅದೂ ನಡುವ ಅಲ್ಲ, ಮ್ಯಾಲಿನ ಅಂಚಿಗೆ. ಅಷ್ಟ."

ರಹಮಾನಸಾಬ ಎರಡೂ ಫೋಟೋಗಳನ್ನು ಕಣ್ಣಿನ ಹತ್ತಿರ ತಂದ, ದೂರ ಹಿಡಿದ. ಅವನಿಗೆ ಕಂಡದ್ದು ಹೊಗೆಯ ಆಚೆ ಇದ್ದಂಥ ಎರಡು ಕಿತ್ತಳೆ ಕಲೆಗಳು, ತುದಿಗೆ ಕಪ್ಪು. ಚುಕ್ಕಿ ಎಂಬುದು ಎಲ್ಲೂ ಇರಲಿಲ್ಲ.

"ಹೌದ್ರಿ, ಕಾಣ್ತು," ಎಂದ.

ಆಕೆ ಎರಡನೆಯ ಜೋಡಿ ತೋರಿಸಿದಳು. ಕಾಮನ್ ರೋಸ್ ಮತ್ತು ಕಾಮನ್ ಮಾರ್ಮನ್‌ನ ಹೆಣ್ಣು. ಎರಡಕ್ಕೂ ಕಪ್ಪು ರೆಕ್ಕೆ, ನಡುವೆ ಬಿಳಿ ಮಚ್ಚೆ, ಅಂಚಿಗೆ ಕೆಂಪು. ಆದರೆ ರೋಸಿನ ಮೈ ಕೆಂಪು, ಮಾರ್ಮನ್ನಿನ ಮೈ ಕಪ್ಪು. ಮೂರನೆಯದು ಬ್ಲೂ ಟೈಗರ್ ಮತ್ತು ಡಾರ್ಕ್ ಬ್ಲೂ ಟೈಗರ್. ಒಂದರ ತೆಳು ನೀಲಿ ಪಟ್ಟಿಗಳು ಅಗಲ, ಇನ್ನೊಂದರವು ಸಣ್ಣ, ರೆಕ್ಕೆಯೂ ಹೆಚ್ಚು ಕಪ್ಪು. ರಹಮಾನಸಾಬ ಎಲ್ಲದಕ್ಕೂ ಹೌದ್ರಿ ಎಂದ. ಗಂಟೆ ಹೊಡೆಯಿತು. ನಾಳೆಯಿಂದ ತಾನು ಒಂದು ವಾರ ತರಬೇತಿಗೆ ಹೋಗುವುದಾಗಿ ಹೇಳಿ ಆಕೆ ಕ್ಲಾಸಿಗೆ ಎದ್ದುಹೋದಳು.

ರಹಮಾನಸಾಬನ ಎರಡೂ ಕಣ್ಣಿಗೆ ಪೊರೆ ಬಂದು ಬಲಿತಿತ್ತು. ಮೋತಿಬಿಂದು, ತೆಗೆಸಿಕೊಂಡರೆ ಸರಿಯಾಗುತ್ತದೆ ಎಂದು ಬೆಟಗೇರಿಯ ಚಷ್ಮಾ ಅಂಗಡಿಯವನು ಹೇಳಿದ್ದ. ಮನೆಯಲ್ಲಿ ಹೆಂಡತಿ ಅಮೀನಬಿಯನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಕಪ್ಪಿನಿಂದ ಸುರಿದ ಚಹಾ ಬಸಿಗೆ ಬೀಳದೆ ನೆಲಕ್ಕೆ ಬಿದ್ದಾಗ ಆಕೆ ಸುಮ್ಮನೆ ಒರೆಸುತ್ತಿದ್ದಳು. ಒರೆಸುತ್ತಲೇ, "ಒಮ್ಮೆ ದವಾಖಾನಿಗೆ ಹೋಗಿ ಬರೂಣು," ಎನ್ನುತ್ತಿದ್ದಳು.

"ಈ ಕೆಲಸ ಮುಗೀಲಿ."

"ಹೋದ ವರ್ಷಾನೂ ಹಿಂಗ ಅಂದಿದ್ರಿ."

ಅವನ ಅಣ್ಣ ಜಹಾಂಗೀರ ಹಿಂದೆ ಇದೇ ಆಪರೇಶನ್ ಮಾಡಿಸಿಕೊಂಡು, ಮನೆಗೆ ಬಂದ ಮೇಲೆ ಕೀವಾಗಿ ಒಂದು ಕಣ್ಣೇ ಹೋಗಿತ್ತು, ಇನ್ನೊಂದನ್ನು ಪೊರೆ ಮುಚ್ಚಿತ್ತು. ತಗಡಿನ ಕೆಲಸ ಬಿಟ್ಟು ಜಹಾಂಗೀರ ಈಗ ಬಾಗಿಲಲ್ಲಿ ಕೂತಿರುತ್ತಿದ್ದ, ಯಾರು ಹೋದರೂ ಮುಖ ಎತ್ತಿ ಹೆಜ್ಜೆಯ ಸಪ್ಪಳ ಕೇಳುತ್ತಿದ್ದ. ಮಬ್ಬಾಗಿಯಾದರೂ ಕಾಣುವ ಕಣ್ಣನ್ನು ಯಾರ ಕೈಗಾದರೂ ಕೊಡುವುದಕ್ಕೆ ರಹಮಾನಸಾಬನಿಗೆ ಧೈರ್ಯ ಸಾಲುತ್ತಿರಲಿಲ್ಲ.

ಕೊರ್ಲಹಳ್ಳಿಯ ಗೋಡೆಗೆ ಅವನು ಮೊದಲು ಬಿಳಿ ಹೊಡೆದ. ಇದ್ದಿಲ ಪುಡಿ ಹಚ್ಚಿದ ದಾರ ಜಗ್ಗಿ ಚೌಕಳಿ ಹಾಕಿದ. ಫೋಟೋದಲ್ಲಿನ ದೊಡ್ಡ ಆಕಾರಗಳು ಕಾಣುತ್ತಿದ್ದವು. ರೆಕ್ಕೆಯ ಗೆರೆಯನ್ನು ಚೌಕದಿಂದ ಚೌಕಕ್ಕೆ ದೊಡ್ಡದು ಮಾಡಿ ಇಳಿಸುವುದು ಕೈಗೇ ಗೊತ್ತಿತ್ತು. ಒಂದೊಂದು ಪಾತರಗಿತ್ತಿಯೂ ಮನುಷ್ಯ ಕೈ ಚಾಚಿ ನಿಂತಷ್ಟು ಅಗಲ. ಮಧ್ಯಾಹ್ನ ಬಿಳಿ ಗೋಡೆಯಿಂದ ಬಿಸಿಲು ಕಣ್ಣಿಗೆ ಹೊಡೆದಾಗ ಎಲ್ಲವೂ ಹಾಲಿನಂತಾಗುತ್ತಿತ್ತು. ಆಗ ಬೇವಿನ ನೆರಳಿಗೆ ಬಂದು ಕೂರುತ್ತಿದ್ದ. ಬಿಸಿಯೂಟದ ಅಡುಗೆ ಮಾಡುವ ಶಂಕ್ರೆವ್ವ ಒಂದು ತಟ್ಟೆ ಅನ್ನ ಸಾರು ತಂದಿಟ್ಟು, "ಉಣ್ರಿ, ಆಮೇಲೆ ಬರೀರಿ," ಎನ್ನುತ್ತಿದ್ದಳು. ಉಂಡು ಅಲ್ಲೇ ಒರಗುತ್ತಿದ್ದ. ಸಂಜೆಯ ಬಸ್ಸಿಗೆ ಹೊರಡುವಾಗ ಕುತ್ತಿಗೆ, ಹೆಗಲು, ಕಣ್ಣಿನ ಹಿಂದಿನ ನರ ಎಲ್ಲ ನೋಯುತ್ತಿದ್ದವು.

ನೀಲಗಂಗವ್ವ ತರಬೇತಿ ಮುಗಿಸಿ ಬಂದ ದಿನ ಗೋಡೆಯ ಮುಂದೆ ಬಹಳ ಹೊತ್ತು ನಿಂತಳು. ಆಕಾರ ಚೆನ್ನಾಗಿ ಬಂದಿತ್ತು. ಆದರೆ ಜೋಡಿಗಳಲ್ಲಿ ಎರಡೂ ಒಂದೇ ಆಗಿದ್ದವು. ಕಿತ್ತಳೆ ಬಣ್ಣದವಕ್ಕೆ ಎರಡಕ್ಕೂ ಚುಕ್ಕಿ ಇರಲಿಲ್ಲ. ರೋಸಿನ ಮೈಯೂ ಮಾರ್ಮನ್ನಿನ ಮೈಯೂ ಒಂದೇ ಕಂದು.

"ಇದರಾಗ ಟೈಗರ್ ಯಾವ್ದು, ಎಗ್‌ಫ್ಲೈ ಯಾವ್ದು ರಹಮಾನಸಾಬ್ರ?"

"ಎಡಕಿಂದು ಟೈಗರ್ ಐತ್ರಿ."

"ಚುಕ್ಕಿ?"

"ಇನ್ನ ಇಡೋದೈತ್ರಿ. ಕಡೀಕ ಇಡೂಣಂತ ಬಿಟ್ಟೀನಿ."

"ಹಂಗಾರ ಈಗ ಇಡ್ರಿ. ನಾ ನಿಂತಿರ್ತೀನಿ."

ಅವನು ಬ್ರಶ್ಶು ಕಪ್ಪಿನಲ್ಲಿ ಅದ್ದಿದ. ಎಡಗೈಯ ಬೆರಳುಗಳಿಂದ ಗೋಡೆ ಸವರುತ್ತ ರೆಕ್ಕೆಯ ಅಂಚು ಹುಡುಕಿದ. ಮೊದಲ ಚುಕ್ಕಿ ಸರಿಯಾಗಿಯೇ ಬಿತ್ತು. ಎರಡನೆಯದು ರೆಕ್ಕೆಯನ್ನು ದಾಟಿ ಬರಿಗೋಡೆಯ ಮೇಲೆ ಕೂತಿತು. ಅವನಿಗೆ ಅದು ಗೊತ್ತಾಗಲಿಲ್ಲ. ಮೂರನೆಯದಕ್ಕೆ ಕೈ ಎತ್ತಿದ.

"ಸಾಕು. ಬ್ರಶ್ ಕೆಳಗಿಡ್ರಿ," ಎಂದಳು ನೀಲಗಂಗವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ಅವನು ಇಟ್ಟ. ಆಕೆ ಕಟ್ಟೆಯ ಮೇಲೆ ಕೂತಳು. ಅವನೂ ತಡವರಿಸುತ್ತ ಬಂದು ಸ್ವಲ್ಪ ದೂರ ಕೂತ.

"ಎಷ್ಟು ದಿನಾ ಆತು?"

"ಎರಡು ವರ್ಷದ ಮ್ಯಾಲಾತ್ರಿ. ಮೊದಲು ಎಡಗಣ್ಣಿಗೆ ಸುರು ಆತು."

"ನನಗ್ಯಾಕ ಹೇಳಲಿಲ್ಲ?"

"ಕಣ್ಣ ಕಾಣದ ಪೇಂಟರಗ ಯಾರ ಗ್ವಾಡಿ ಕೊಡ್ತಾರ ಅಕ್ಕೋರ?"

ಆಕೆ ಗೋಡೆಯ ಕಡೆ ತಿರುಗಿದಳು. ಬೇರೆ ಪೇಂಟರ್ ಹುಡುಕಬೇಕೆಂದರೆ ಮತ್ತೆ ಎಲ್ಲರ ಮುಂದೆ ನಿಂತು ಕೇಳಬೇಕು. ಹೆಡ್‌ಮಾಸ್ತರರು ಮೊದಲೇ, ಇದೆಲ್ಲ ಯಾಕ, ಒಂದು ಫ್ಲೆಕ್ಸ್ ಕಟ್ಟಿಸಿದ್ರ ಆತು ಎಂದಿದ್ದರು. ಇಷ್ಟು ದೊಡ್ಡದಾಗಿ, ಇಷ್ಟು ನೇರವಾಗಿ ಬಂದ ರೆಕ್ಕೆಗಳನ್ನು ಬಿಳಿ ಹೊಡೆದು ಅಳಿಸುವುದಕ್ಕೂ ಮನಸ್ಸು ಒಪ್ಪಲಿಲ್ಲ. ಒಂದು ವಾರ ಕುರ್ಚಿಯ ಮೇಲೆ ಕೂತು ಕೂತು ಆಕೆಯ ಸೊಂಟ ಹಿಡಿದಿತ್ತು.

"ಇವತ್ತ ನನಗ ಸಿಟ್ಟು ಮಾಡೂ ಶಕ್ತೀನೂ ಇಲ್ಲ," ಎಂದಳು ಕೊನೆಗೆ. "ಈಗ ಏನ್ ಮಾಡೂಣು, ನೀವ ಹೇಳ್ರಿ."

ರಹಮಾನಸಾಬ ಚೀಲ ಹತ್ತಿರ ಎಳೆದುಕೊಂಡು ಒಳಗೆ ಕೈ ಹಾಕಿ ಒಂದು ಸುರುಳಿ ಹೊರತೆಗೆದ. ಹಳೆಯ ಎಕ್ಸ್‌ರೇ ಹಾಳೆಗಳು. ಲಾರಿಗಳ ಮೇಲೆ ಒಂದೇ ಅಳತೆಯ ನಂಬರು ಬರೆಯಲು ಅವುಗಳಲ್ಲಿ ಅಕ್ಷರ ಕತ್ತರಿಸಿ, ಗೋಡೆಗೆ ಹಿಡಿದು, ತೂತಿನ ಮೇಲೆ ಬಣ್ಣ ಒತ್ತುತ್ತಿದ್ದ.

"ಇದರಾಗ ಚುಕ್ಕಿ ಕತ್ತರಿಸ್ಬೇಕು. ನನಗ ಅಂಚು ಕಾಣೂದಿಲ್ಲ. ನೀವು ಕತ್ತರಿಸಿ, ಎಲ್ಲಿ ಬೇಕೋ ಅಲ್ಲಿ ಒತ್ತಿ ಹಿಡೀರಿ. ಬಣ್ಣ ನಾ ಒತ್ತತೀನಿ."

ಅಂದು ಶಾಲೆ ಬಿಟ್ಟ ಮೇಲೆ ನೀಲಗಂಗವ್ವ ಕಟ್ಟೆಯ ಮೇಲೆ ಕೂತು ಚುಕ್ಕಿಗಳನ್ನು ಕತ್ತರಿಸಿದಳು. ಮೊದಲ ಹಾಳೆ ಹರಿಯಿತು. "ಬ್ಲೇಡ್ ಡೊಂಕು ಹಿಡೀಬ್ಯಾಡ್ರಿ, ನಿಂದರಿಸಿ ಹಿಡೀರಿ. ಬ್ಲೇಡ್ ತಿರಗಸಬ್ಯಾಡ್ರಿ, ಹಾಳಿ ತಿರಗಸ್ರಿ," ಎಂದು ಅವನು ಸಪ್ಪಳದಿಂದಲೇ ತಪ್ಪು ಹಿಡಿದು ಹೇಳಿಕೊಟ್ಟ. ಎರಡನೆಯದು ಸರಿಯಾಯಿತು. ಬರಿಗೋಡೆಯ ಮೇಲೆ ಕೂತಿದ್ದ ಚುಕ್ಕಿಯನ್ನು ಬಿಳಿಯಿಂದ ಮುಚ್ಚಿ, ಆಕೆ ಟೈಗರಿನ ಹಿಂದಿನ ರೆಕ್ಕೆಯ ನಡುವೆ ಹಾಳೆ ಒತ್ತಿ ಹಿಡಿದಳು, ಅವನು ಸ್ಪಂಜಿನಿಂದ ಕಪ್ಪು ಒತ್ತಿದ. ಎಗ್‌ಫ್ಲೈಗೆ ಮೇಲಿನ ಅಂಚಿನಲ್ಲಿ ಒಂದೇ ಒಂದು. ಮರುದಿನ ರೋಸಿನ ಮೈಗೆ, ಮಾರ್ಮನ್ನಿನ ಮೈಗೆ ಯಾವ ಡಬ್ಬಿ ಎಂದು ಆಕೆಯೇ ಆರಿಸಿಕೊಟ್ಟಳು. ಡಾರ್ಕ್ ಬ್ಲೂ ಟೈಗರಿನ ಸಣ್ಣ ಪಟ್ಟಿಗಳಿಗೆ ಬೇರೆ ಹಾಳೆ ಕತ್ತರಿಸಿದಳು. ಹೆಸರುಗಳನ್ನು ಮಾತ್ರ ಅವನು ಯಾರ ಸಹಾಯವೂ ಇಲ್ಲದೆ ಬರೆದ. ಅಕ್ಷರಕ್ಕೆ ಅವನ ಕೈ ಕಣ್ಣನ್ನು ಕೇಳುತ್ತಿರಲಿಲ್ಲ.

ಕೆಲಸ ಮುಗಿದ ದಿನ ಆಕೆ ಹೇಳಿದಳು: "ಈಗ ಕಣ್ಣ ತೋರಸ್ರಿ."

"ಅಂಜಿಕಿ ಬರತೈತ್ರಿ," ಎಂದು ಅವನು ಜಹಾಂಗೀರನ ಕತೆ ಹೇಳಿದ.

ಆಕೆ ಪೂರ್ತಿ ಕೇಳಿದಳು. "ಅಂಜಿಕಿ ಬರೂದ. ನಿಮ್ಮ ಮನಿಯವ್ರನ್ನ ಜೊತಿಗೆ ಕರಕೊಂಡ ಹೋಗ್ರಿ. ಹನಿ ಹಾಕೂದು ತಪ್ಪಸಬ್ಯಾಡ್ರಿ. ಧೂಳಿನ್ಯಾಗ ಅಡ್ಡಾಡಬ್ಯಾಡ್ರಿ," ಎಂದಳು. ಮತ್ತೆ ಒತ್ತಾಯ ಮಾಡಲಿಲ್ಲ. ಆ ಒತ್ತಾಯವಿಲ್ಲದ ಮಾತೇ ಅವನ ತಲೆಯಲ್ಲಿ ಉಳಿಯಿತು.

ದೀಪಾವಳಿ ಕಳೆದ ಮೇಲೆ ಗದಗಿನಲ್ಲಿ ಬಲಗಣ್ಣಿನ ಆಪರೇಶನ್ ಆಯಿತು. ಅಮೀನಬಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿದ್ದಳು. ಮರುದಿನ ಪಟ್ಟಿ ಬಿಚ್ಚಿದಾಗ ಅವನಿಗೆ ಮೊದಲು ಕಂಡದ್ದು ಆಕೆಯ ಓಢಣಿ. ಅದು ಹಾಲಿನ ಕೆನೆಯ ಬಣ್ಣದ್ದು ಎಂದುಕೊಂಡಿದ್ದ. ಅಚ್ಚ ಬಿಳಿಯಾಗಿತ್ತು. ಆಮೇಲೆ ಆಕೆಯ ಮುಖ. ಕೆನ್ನೆ ಇಳಿದಿದ್ದವು, ಹುಬ್ಬಿನ ಕೂದಲು ಕೂಡ ನೆರೆತಿತ್ತು. ಎರಡು ವರ್ಷದಲ್ಲಿ ಆಕೆ ಇಷ್ಟು ಸೊರಗಿದ್ದು ಅವನ ಲಕ್ಷ್ಯಕ್ಕೇ ಬಂದಿರಲಿಲ್ಲ.

"ಕಾಣತೈತೇನ್ರಿ?" ಎಂದು ಕೇಳಿದಳು.

"ಕಾಣತೈತಿ," ಎಂದ.

ಮನೆಗೆ ಬಂದ ಮೇಲೆ ಆಕೆ ವೇಳೆಗೆ ಸರಿಯಾಗಿ ಹನಿ ಹಾಕಿದಳು, ಒಲೆಯ ಮುಂದೆ ಕೂರಗೊಡಲಿಲ್ಲ, ತಲೆಯ ಮೇಲೆ ನೀರು ಹಾಕಿಕೊಳ್ಳಲು ಬಿಡಲಿಲ್ಲ. ಜಹಾಂಗೀರ ಗೋಡೆ ಹಿಡಿದು ಬಂದು ಹಾಸಿಗೆಯ ಪಕ್ಕ ಕೂತ. "ನೋವಾತೇನಲೇ?" ಎಂದ. ಇಲ್ಲ ಎಂದ ರಹಮಾನಸಾಬ. ಜಹಾಂಗೀರ ಮತ್ತೆ ಗೋಡೆ ಹಿಡಿದು ಹೋಗಿ ಬಾಗಿಲಲ್ಲಿ ಕೂತ.

ತಿಂಗಳು ದಾಟಿತು. ಡಾಕ್ಟರು ಇನ್ನು ಹೊರಗೆ ಓಡಾಡಬಹುದು ಎಂದ ಮೇಲೆ ಅವನು ಕಪ್ಪು ಚಷ್ಮಾ ಹಾಕಿಕೊಂಡು ಕೊರ್ಲಹಳ್ಳಿಯ ಬಸ್ಸು ಹಿಡಿದ. ಗೋಡೆಯನ್ನು ಒಮ್ಮೆ ಸರಿಯಾಗಿ ನೋಡಬೇಕು ಅನಿಸಿತ್ತು. ದಾರಿಯಲ್ಲಿ ಕಡಲೆಯ ಹೊಲಗಳು ಹಸಿರಾಗಿದ್ದವು. ಆ ಹಸಿರು ಎಷ್ಟು ನಿಚ್ಚಳವಾಗಿತ್ತೆಂದರೆ ನೋಡಿ ನೋಡಿ ಅವನಿಗೆ ಆಯಾಸವಾಯಿತು.

ಶಾಲೆಯ ಮುಂದೆ ಇಳಿದು ಗೋಡೆಯ ಎದುರು ನಿಂತು ಚಷ್ಮಾ ತೆಗೆದ. ಚುಕ್ಕಿಗಳು ಸರಿಯಿದ್ದವು. ಅಕ್ಷರಗಳು ನೇರವಾಗಿದ್ದವು. ಆದರೆ ಬ್ಲೂ ಟೈಗರುಗಳು ಹೊಲದಲ್ಲಿ ಹೊಟ್ಟಿನ ಬಣವೆಗೆ ಹೊದಿಸುವ ಟಾರ್ಪಾಲಿನಂತೆ ನೀಲಿಯಾಗಿದ್ದವು. ಅಂಥ ನೀಲಿ ಯಾವ ಪಾತರಗಿತ್ತಿಗೂ ಇರಲು ಸಾಧ್ಯವಿಲ್ಲ. ಪೊರೆಯ ಹಿಂದಿನಿಂದ ನೋಡಿದಾಗ ನೀಲಿಯೆಲ್ಲ ಮಣ್ಣುಮಣ್ಣಾಗಿ ಕಂಡಿತ್ತು. ಸಾಲದು ಎಂದು ಮತ್ತೆ ಮತ್ತೆ ನೀಲಿ ಸುರಿದು ಕಲಸಿದ್ದು ನೆನಪಾಯಿತು. ಹಿಂದೆ ಸರಿದು ಕಟ್ಟೆಯ ಮೇಲೆ ಕೂತ.

ನೀಲಗಂಗವ್ವ ಬಂದಾಗಲೂ ಅವನು ಗೋಡೆಯನ್ನೇ ನೋಡುತ್ತಿದ್ದ.

"ನಿಮಗ ಗೊತ್ತಿತ್ತೇನ್ರಿ ಅಕ್ಕೋರ, ಈ ನೀಲಿ?"

"ಗೊತ್ತಿತ್ತು."

"ಹೇಳಲಿಲ್ಲಲ್ರಿ."

"ನೀವು ದಣದಿದ್ರಿ. ನಾನೂ ದಣದಿದ್ದೆ. ಚುಕ್ಕಿ ಸರಿ ಆತಲ್ಲ, ಇದೊಂದು ಇರಲಿ ಬಿಡು ಅನ್ಕೊಂಡೆ."

ಅವನು ತಲೆ ಅಲ್ಲಾಡಿಸಿದ. ಆಕೆ, "ಈಗ ನನಗ ಕ್ಲಾಸ್ ಇಲ್ಲ. ಬರ್ರಿ, ಹೊಳಿ ಕಡೆ ಹೋಗೂಣು," ಎಂದಳು.

ತುಂಗಭದ್ರೆಯ ನೀರು ಹಿಂದೆ ಸರಿದು ದಂಡೆಯಲ್ಲಿ ಹಸಿ ಮಣ್ಣು ಬಿದ್ದಿತ್ತು. ಆ ಮಣ್ಣಿನ ಮೇಲೆ ಪಾತರಗಿತ್ತಿಗಳು ರೆಕ್ಕೆ ಮುಚ್ಚಿ ಒತ್ತೊತ್ತಾಗಿ ಕೂತು ತೇವ ಹೀರುತ್ತಿದ್ದವು. ರಹಮಾನಸಾಬ ಮೊಣಕಾಲೂರಿ ಕೂತ. ಒಂದು ಬ್ಲೂ ಟೈಗರ್ ರೆಕ್ಕೆ ಬಿಚ್ಚಿತು. ಅದರ ಪಟ್ಟಿಗಳು ನೀಲಿ ಎನ್ನುವಷ್ಟು ನೀಲಿಯೇ ಅಲ್ಲ. ಬಿಳಿ ಧೋತರ ಒಗೆದು ಒಂದು ಹನಿ ನೀಲಿ ಹಾಕಿ ಹಿಂಡಿದರೆ ಇರುತ್ತದಲ್ಲ, ಅಷ್ಟು. ಅವನು ಉಸಿರು ಹಿಡಿದು ನೋಡಿದ. ನಲವತ್ತು ವರ್ಷ ಬಣ್ಣ ಕಲಸಿದವನಿಗೆ ಆ ಬಣ್ಣ ಹೇಗೆ ಬರುತ್ತದೆ ಎಂದು ತಕ್ಷಣ ತಿಳಿಯಿತು: ಬಿಳಿಗೆ ಚಮಚದ ತುದಿಯಷ್ಟು ನೀಲಿ, ಅದಕ್ಕಿಂತ ಕಡಿಮೆ ಕಪ್ಪು.

ದಂಡೆಯ ಮೇಲಿನ ಹುಲ್ಲಿನಲ್ಲಿ ಕಿತ್ತಳೆ ಬಣ್ಣದ್ದೊಂದು ಕೂತಿತ್ತು. ಅವನು ಬಾಗಿ ಹಿಂದಿನ ರೆಕ್ಕೆ ನೋಡಿದ. ನಡುವೆ ಏನೂ ಇಲ್ಲ. ಮೇಲಿನ ಅಂಚಿಗೆ ಒಂದು ಕಪ್ಪು ಚುಕ್ಕಿ.

"ಇದು ಎಗ್‌ಫ್ಲೈ ಅಲ್ರಿ?" ಎಂದ ಮೆಲ್ಲಗೆ.

"ಹೌದು. ಹಕ್ಕಿಗೂ ಗೊತ್ತಾಗೂದಿಲ್ಲ ಅದು," ಎಂದಳು ನೀಲಗಂಗವ್ವ. ಅದು ಹಾರಿಹೋಗುವ ತನಕ ಅವನು ಅಲ್ಲಿಂದ ಏಳಲಿಲ್ಲ.

ಮರಳುವ ದಾರಿಯಲ್ಲಿ ಆಕೆ ತನ್ನ ಸುದ್ದಿ ಹೇಳಿದಳು. ಬರುವ ಜೂನಿನಲ್ಲಿ ಲಕ್ಷ್ಮೇಶ್ವರಕ್ಕೆ ವರ್ಗ. ಆಕೆಯ ತಾಯಿ ಅಲ್ಲಿ ತಂಗಿಯ ಮನೆಯಲ್ಲಿದ್ದರು, ಎದ್ದು ಓಡಾಡುತ್ತಿರಲಿಲ್ಲ. ನೋಡಿಕೊಂಡು ನೋಡಿಕೊಂಡು ತಂಗಿಯೂ ಸೋತಿದ್ದಳು. ಆಕೆಯೇ ಅರ್ಜಿ ಹಾಕಿ ಕೇಳಿಕೊಂಡಿದ್ದಳು.

"ನಾ ಹೋದ ಮ್ಯಾಲೆ ಬರೂ ಮಾಸ್ತರಗ ಇದರ ಹುಚ್ಚು ಇರತೈತೋ ಇಲ್ಲೋ. ಅದಕ್ಕ ಗ್ವಾಡಿ ಹಿಡದೆ. ಹುಡುಗ್ರು ನಿಂತು ನೋಡಿದ್ರ ಸಾಕು," ಎಂದಳು. ಆಮೇಲೆ, "ಅಲ್ಲಿ ಹೊಳಿ ಇಲ್ಲ," ಎಂದಳು.

ರಹಮಾನಸಾಬ ಒಮ್ಮೆ ಹೊಳೆಯ ಕಡೆ ತಿರುಗಿ ನೋಡಿ ನಡೆದ. ಶಾಲೆಯ ಗೇಟು ಬಂದಾಗ, "ನಾಳಿ ಬಣ್ಣ ತರತೀನಿ," ಎಂದ. "ನೀಲಿ ಎರಡೂ ಅಳಿಸಿ ಬರೀತೀನಿ. ಇದಕ್ಕ ನೀವೇನೂ ಕೊಡೂದು ಬ್ಯಾಡ."

ಆಕೆ ಬೇಡ ಎನ್ನಲಿಲ್ಲ.

ಮರುದಿನ ಬೆಳಿಗ್ಗೆ ಅವನು ಬ್ಲೂ ಟೈಗರುಗಳ ಮೇಲೆ ಬಿಳಿ ಎಳೆದ. ಅದು ಒಣಗುವ ತನಕ ಕಾದು ಕಪ್ಪು ತುಂಬಿದ. ನೀರು ತರಲು ಬಂದ ಶಂಕ್ರೆವ್ವ ಕೊಡ ಸೊಂಟಕ್ಕೇರಿಸಿ ನಿಂತು ನೋಡಿದಳು.

"ಮೊದಲಿಂದ ಚಲೋ ಇತ್ತಲ್ರಿ. ದೂರದಿಂದ ಎದ್ದು ಕಾಣ್ತಿತ್ತು."

"ಅದು ತಪ್ಪಿತ್ತವಾ."

"ತಪ್ಪಂತ ನಮಗೇನ ಗೊತ್ತು. ಚಂದ ಇತ್ತು," ಎಂದು ಆಕೆ ಹೋದಳು.

ಅವನು ಬಿಳಿಗೆ ನೀಲಿ ಬೆರೆಸಿ, ಕಪ್ಪು ತಾಗಿಸಿ, ಕಡ್ಡಿಯಿಂದ ಕಲಸಿ, ಬೆರಳ ಉಗುರಿಗೆ ಹಚ್ಚಿ ನೋಡಿದ. ಎಕ್ಸ್‌ರೇ ಹಾಳೆ ತೆಗೆಯಲಿಲ್ಲ. ಅಗಲ ಪಟ್ಟಿಗಳನ್ನು ದೊಡ್ಡ ಬ್ರಶ್ಶಿನಿಂದ, ಸಣ್ಣ ಪಟ್ಟಿಗಳನ್ನು ಸಣ್ಣದರಿಂದ, ಕೈಯಿಂದಲೇ ಎಳೆದ. ಆಪರೇಶನ್ ಆಗದ ಎಡಗಣ್ಣು ಎಲ್ಲವನ್ನೂ ಕಲಕುತ್ತಿತ್ತು. ಅದನ್ನು ಮುಚ್ಚಿಕೊಂಡು ಒಂದೇ ಕಣ್ಣಲ್ಲಿ ನೋಡಿ ಬರೆದ. ಒಂದು ಕಣ್ಣು ಮುಚ್ಚಿಯೇ ಇಟ್ಟು ಇಟ್ಟು ಕೆನ್ನೆ ಜೋಮು ಹಿಡಿಯಿತು. ತೋಳು ಭಾರವಾದಾಗ ಕೆಳಗಿಳಿಸಿ ನಿಲ್ಲುತ್ತಿದ್ದ, ಮತ್ತೆ ಎತ್ತುತ್ತಿದ್ದ. ಹಿಂದೆ ಒಂದೇ ದಿನದಲ್ಲಿ ಇಡೀ ಅಂಗಡಿಯ ಮುಂಭಾಗ ಬರೆಯುತ್ತಿದ್ದವನಿಗೆ ಎರಡು ಪಾತರಗಿತ್ತಿಗೆ ಹಗಲೆಲ್ಲ ಹಿಡಿಯಿತು.

ಕೊನೆಯ ಗಂಟೆ ಹೊಡೆದು ಹುಡುಗರು ಗದ್ದಲ ಮಾಡುತ್ತ ಹೊರಬಿದ್ದರು. ಕೆಲವರು ಗೋಡೆಯ ಮುಂದೆ ನಿಂತು, ಅಗಲದ್ದು ಬ್ಲೂ, ಸಣ್ಣದ್ದು ಡಾರ್ಕ್ ಬ್ಲೂ ಎಂದು ಓದಿಕೊಂಡು ಹೋದರು. ಅವರ ಹಿಂದೆ ನೀಲಗಂಗವ್ವ ಬಂದಳು. ಹತ್ತಿರ ಹೋಗಿ ನೋಡಿದಳು, ಹಿಂದೆ ಸರಿದು ನೋಡಿದಳು.

"ಬಣ್ಣ ಬರೋಬ್ಬರಿ ಐತಿ," ಎಂದಳು. ಮತ್ತೆ ಹತ್ತಿರ ಬಾಗಿ, "ಡಾರ್ಕ್ ಬ್ಲೂದ ಪಟ್ಟಿ ಇನ್ನಷ್ಟು ಸಣ್ಣ ಆಗಬೇಕ್ರಿ ರಹಮಾನಸಾಬ್ರ."

ಅವನು ಮುಚ್ಚಿದ್ದ ಕಣ್ಣು ತೆರೆದು, ಆಪರೇಶನ್ ಆದದ್ದನ್ನು ಉಜ್ಜಲು ಹೋಗಿ, ಉಜ್ಜಬಾರದೆಂದು ನೆನಪಾಗಿ ಕೈ ಹಿಂದೆ ತೆಗೆದ. ಆಕೆ ಹೇಳಿದ್ದು ಖರೆ ಎಂದು ಅವನಿಗೂ ಕಾಣುತ್ತಿತ್ತು.

"ಈಗ ಹಸಿ ಐತ್ರಿ. ಒಣಗಲಿ. ನಾಳಿ ಬಂದು ಅಂಚಿಗೆ ಕರಿ ಎಳದು ಸಣ್ಣ ಮಾಡ್ತೀನಿ."

"ಆತು."

ಬ್ರಶ್ಶುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಡಬ್ಬಿಗಳನ್ನು ಶಂಕ್ರೆವ್ವನ ಅಡುಗೆ ಕೋಣೆಯ ಮೂಲೆಗಿಟ್ಟು ಅವನು ಹೊರಬಂದ. ಇಬ್ಬರೂ ಸ್ಟಾಪಿನಲ್ಲಿ ನಿಂತರು. ಬಸ್ಸು ತಡವಾಗಿ ಬಂತು. ನೀಲಗಂಗವ್ವ ಮುಂದಿನ ಹೆಂಗಸರ ಸೀಟಿನಲ್ಲಿ ಕೂತಳು, ರಹಮಾನಸಾಬ ಹಿಂದೆ ಕಿಟಕಿಯ ಹತ್ತಿರ. ಹೊಲಗಳ ಮೇಲೆ ಸಂಜೆಯ ಬಿಸಿಲು ಇತ್ತು. ಅದನ್ನು ನೋಡಬೇಕೆಂದುಕೊಂಡ, ಆದರೆ ರೆಪ್ಪೆಗಳು ತಾವಾಗಿಯೇ ಕೂಡಿಕೊಂಡವು. ಮುಂದಿನ ಸೀಟಿನಲ್ಲಿ ಆಕೆಯ ತಲೆ ಆಗಲೇ ಒಂದು ಕಡೆಗೆ ವಾಲಿತ್ತು. ಮುಂಡರಗಿ ಬಂದಾಗ ಕಂಡಕ್ಟರು ಇಬ್ಬರನ್ನೂ ಎಬ್ಬಿಸಿದ.